ಯಾವ ಊರು ಅಲ್ಲ, ಯಾವ ಹೊತ್ತು

ಬಿಳಿಗೆರೆ ಕಡೆಯವರಿಗೆ ನೀರಿನ ದಡ ಹೊಸದಲ್ಲ. ನಂಜನಗೂಡಿನಲ್ಲಿ ಕಪಿಲೆ, ತಿ. ನರಸೀಪುರದಲ್ಲಿ ಅದೇ ಕಪಿಲೆ ಕಾವೇರಿಗೆ ಸೇರುವ ಸಂಗಮ. ಆದರೂ ನೀರಿನಂಚಿನ ಅರೆ-ಅಮೂರ್ತ ಚಿತ್ರವೊಂದನ್ನು ಗೋಡೆಯ ಮೇಲೆ ಕಂಡರೆ ನಮ್ಮ ಬಾಯಿಗೆ ಮೊದಲು ಬರುವುದು “ಇದ್ಯಾವೂರು?” ಎಂಬ ಪ್ರಶ್ನೆಯೇ. ಚಿತ್ರದಲ್ಲಿ ಗೋಪುರವಿಲ್ಲ, ಮೆಟ್ಟಿಲಿಲ್ಲ. ಬೂದುಬಣ್ಣದ ಒಂದು ಪಟ್ಟಿ, ಅದರ ಕೆಳಗೆ ತುಸು ತಿಳಿಯಾದ ಇನ್ನೊಂದು, ನಡುವೆ ಮರವೋ ದೋಣಿಯೋ ಹೇಳಲಾಗದ ಕಪ್ಪು ಗೀಟು. “ಯಾವ ಹೊತ್ತು?” ಎಂದು ಕೇಳಿ ನೋಡಿ, ಚಿತ್ರ ಬಾಯಿಬಿಡುತ್ತದೆ.

ಹೊತ್ತು ತಿಳಿಯುವುದು ಬಣ್ಣಕ್ಕಿಂತ ಹೆಚ್ಚಾಗಿ ತಿಳಿ-ಗಾಢಗಳ ಅಂತರದಿಂದ. ಕಣ್ಣನ್ನು ಅರೆಮುಚ್ಚಿದರೆ ವಿವರಗಳು ಕರಗಿ ಆ ಅಂತರವಷ್ಟೇ ಉಳಿಯುತ್ತದೆ. ಅದು ಕಡಿಮೆಯಿದ್ದರೆ ಮಂಜು ಅಥವಾ ಮೋಡ, ಹೆಚ್ಚಿದ್ದರೆ ಬಿರುಬಿಸಿಲು. ಫ್ರಾನ್ಸಿನ ಕ್ಲೋಡ್ ಮೊನೆ 1872ರಲ್ಲಿ ಬರೆದ ಬಂದರಿನ ಸೂರ್ಯೋದಯವನ್ನೇ ತೆಗೆದುಕೊಳ್ಳಿ. ಅದರ ಕಿತ್ತಳೆ ಸೂರ್ಯ ಕಣ್ಣಿಗೆ ಹೊಡೆಯುತ್ತಾನೆ. ಮೊಬೈಲಿನಲ್ಲಿ ಚಿತ್ರವನ್ನು ಕಪ್ಪು-ಬಿಳುಪು ಮಾಡಿ: ಸೂರ್ಯ ಹೆಚ್ಚುಕಡಿಮೆ ನಾಪತ್ತೆ! ಬಣ್ಣ ಬೇರೆಯಾದರೂ ಅವನೂ ಸುತ್ತಲಿನ ಆಕಾಶದಷ್ಟೇ ತಿಳಿ. ಮಂಜಿನಲ್ಲಿ ನಿಂತಲ್ಲಿ ನಿಲ್ಲದೆ ನಡುಗಿದಂತೆ ಕಾಣುವುದು ಅದಕ್ಕೇ.

ಪ್ರತಿಬಿಂಬದ ಪಾಠಕ್ಕೆ ಇಷ್ಟು ದೂರ ಹೋಗಬೇಕಿಲ್ಲ, ಕಪಿಲೆಯ ದಡ ಸಾಕು. ಗಾಢವಾದ ಮರ ನೀರಿನಲ್ಲಿ ತುಸು ತೆಳುವಾಗುತ್ತದೆ, ಬಿಳಿ ಗೋಡೆ ತುಸು ಮಂಕಾಗುತ್ತದೆ. ಸಣ್ಣ ಅಲೆ ಎದ್ದರೆ ಪ್ರತಿಬಿಂಬ ಅಕ್ಕಪಕ್ಕಕ್ಕೆ ಅಷ್ಟಾಗಿ ಹರಡದೆ ನೋಡುವವರ ಕಡೆಗೆ ಉದ್ದಕ್ಕೆ ಜಗ್ಗುತ್ತದೆ. ಇದನ್ನು ಬಲ್ಲ ಕಲಾವಿದ ನಾಲ್ಕು ಉದ್ದ ಗೀಟು ಎಳೆದು ಸುಮ್ಮನಾಗುತ್ತಾನೆ, ನೀರನ್ನು ನಮ್ಮ ಕಣ್ಣೇ ತುಂಬಿಕೊಳ್ಳುತ್ತದೆ. ಅರಿಯದವರು ನೀಲಿ ಸುರಿಯುತ್ತಾರೆ. (ಕ್ಯಾಲೆಂಡರಿನ ಕೆರೆಗಳೆಲ್ಲ ಹಾಗೆಯೇ.)

ಇನ್ನು ಅಂಚು. ನಮ್ಮ ಕೆ. ವೆಂಕಟಪ್ಪನವರು (1886–1965) ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತವರು. ಬಣ್ಣ ಹಚ್ಚಿ, ನೀರಿನಲ್ಲಿ ತೊಳೆದು, ಮತ್ತೆ ಹಚ್ಚುವ ವಾಶ್ ಪದ್ಧತಿ ಆ ಬಳಗದ್ದು. ವೆಂಕಟಪ್ಪನವರ ಊಟಿ, ಕೊಡೈಕೆನಾಲ್ ಜಲವರ್ಣಗಳು ಅರೆ-ಅಮೂರ್ತವೇನಲ್ಲ. ಆದರೂ ಹೊಸಬರು ಮೊದಲು ಅವನ್ನೇ ನೋಡಬೇಕೆಂಬುದು ನನ್ನ ಹಟ. ಬೆಟ್ಟದ ಅಂಚು ಎಲ್ಲಿ ಖಚಿತ, ಎಲ್ಲಿ ಮಸುಕು ಎಂದು ಅವುಗಳಲ್ಲಿ ಹುಡುಕಿ ಅಭ್ಯಾಸವಾಗಲಿ. ಅರೆ-ಅಮೂರ್ತದ ಕಲಾವಿದ ಆ ಮಸುಕನ್ನು ಇಟ್ಟುಕೊಂಡು ಬೆಟ್ಟವನ್ನು ಬಿಟ್ಟಿರುತ್ತಾನೆ, ಅಷ್ಟೇ ವ್ಯತ್ಯಾಸ.

ಚಿತ್ರದ ಪಕ್ಕದ ಚೀಟಿಯನ್ನು ಮಾತ್ರ ಕೊನೆಗೆ ಓದಿ. ನಿಮಗೆ ಬೆಳಗಿನ ಜಾವ ಅನ್ನಿಸಿದ್ದು ಅಲ್ಲಿ ಸಂಜೆ ಎಂದಿದ್ದರೆ, ತಿರುಗಿ ಹೋಗಿ ಯಾವ ಪಟ್ಟಿ, ಯಾವ ಅಂಚು ಹಾಗೆ ಅನ್ನಿಸಿತೆಂದು ಹುಡುಕಿ.