ಹೆಲ್ಸಿಂಕಿಯ 22 ಪಂಜುಗಳು

ಒಲಿಂಪಿಕ್ ಪಂಜು ಸಂಗ್ರಹಿಸುವವರು ಸೇರಿದ ಕಡೆ 1952ರ ಹೆಲ್ಸಿಂಕಿ ಒಲಿಂಪಿಕ್ ಕೂಟದ ಹೆಸರೆತ್ತಿದರೆ ಸಾಕು, ಮಾತಿಗೆ ಕಳೆ ಬರುತ್ತದೆ. ಆ ಕೂಟಕ್ಕೆ ತಯಾರಾದದ್ದು 22 ಪಂಜುಗಳು ಮಾತ್ರ. 2012ರ ಲಂಡನ್ ಕೂಟದ ಪಂಜಿನ ಓಟದಲ್ಲಾದರೋ ಪಂಜು ಹಿಡಿದು ಓಡಿದ 8,000 ಮಂದಿಗೂ ಬೇರೆ ಬೇರೆ ಪಂಜು. ಅದರ ಮೈಗೆ ಕೊರೆದ 8,000 ತೂತುಗಳೂ ಅವರ ಲೆಕ್ಕದಲ್ಲೇ. ಹೆಲ್ಸಿಂಕಿ ಕೂಟಕ್ಕೆ ಫಿನ್ಲೆಂಡಿನವರು ಇದ್ದಷ್ಟನ್ನೇ ಕೈಯಿಂದ ಕೈಗೆ ದಾಟಿಸಿದರು, ಒಳಗಿನ ಗ್ಯಾಸ್ ಡಬ್ಬಿಯನ್ನಷ್ಟೇ ಬದಲಾಯಿಸುತ್ತ ಹೋದರು.

ಆ ಪಂಜಿನ ಅಂದವೂ ಹಾಗೆಯೇ, ಮಿತವಾದದ್ದು. ಮೇಲೆ ಬೆಳ್ಳಿಯ ಬಟ್ಟಲು, ಕೆಳಗೆ ಬರ್ಚ್ ಮರದ ನುಣುಪಾದ ಹಿಡಿ. ಕಲಾವಿದ ಔಕುಸ್ತಿ ತುಹ್ಕಾ ಅವರ ವಿನ್ಯಾಸದಲ್ಲಿ ಅನಗತ್ಯವಾದ ಒಂದು ಗೆರೆಯೂ ಇಲ್ಲ. ಆಮೇಲೆ ಬಂದ ಎಷ್ಟೋ ಪಂಜುಗಳು ಇದಕ್ಕಿಂತ ಹೊಳೆದಿವೆ. ಇದಕ್ಕಿಂತ ಚೆಂದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ.

ಮೊದಲ ಪಂಜಿನ ಓಟ ನಡೆದದ್ದು 1936ರ ಬರ್ಲಿನ್ ಕೂಟಕ್ಕೆ. ಕ್ರುಪ್ ಕಂಪನಿ ಮಾಡಿದ ಆ ಪಂಜಿನ ಉಕ್ಕಿನ ಹಿಡಿಯ ಮೇಲೆ ಒಲಿಂಪಿಯಾದಿಂದ ಬರ್ಲಿನ್‌ವರೆಗಿನ ದಾರಿಯನ್ನೇ ಕೆತ್ತಿದ್ದಾರೆ. ಕೆಲಸ ಅಚ್ಚುಕಟ್ಟು, ನಿಜ. ಆದರೆ ಆ ಓಟ ನಾಜಿಗಳ ಪ್ರಚಾರಕ್ಕೆ ದುಡಿದದ್ದೂ ಅಷ್ಟೇ ನಿಜ. ಅದನ್ನು ಕಪಾಟಿನಲ್ಲಿಡುವವರು ಈ ಚರಿತ್ರೆಯನ್ನೂ ಜೊತೆಗಿಟ್ಟುಕೊಳ್ಳಬೇಕು.

ಕೆಲವರಿಗೆ ಉರಿಯದ, ಹೊಸದರಂತಿರುವ ಪಂಜೇ ಬೇಕು. ನನ್ನ ಮನಸ್ಸು ಒಲಿಯುವುದು ಬಾಯಂಚಿಗೆ ಮಸಿ ಹತ್ತಿದ, ಹಿಡಿ ಸವೆದ ಪಂಜಿಗೆ. ಅದು ಓಡಿ ಬಂದದ್ದು. ಹರಾಜಿನಲ್ಲಿ ಕೊಳ್ಳುವ ಶಕ್ತಿ ನಮಗಿಲ್ಲದಿದ್ದರೂ ಪರವಾಗಿಲ್ಲ. ಸ್ವಿಟ್ಜರ್‌ಲೆಂಡಿಗೆ ಹೋದರೆ ಲೊಸಾನ್‌ನ ಒಲಿಂಪಿಕ್ ಮ್ಯೂಸಿಯಮ್ಮಿನಲ್ಲಿ ಪಂಜುಗಳ ಸಾಲಿನ ಮುಂದೆ ಒಂದಿಷ್ಟು ಹೊತ್ತು ನಿಲ್ಲಿ.