ಹೆಸರಿಲ್ಲದ ಹಾವುಗಳು

ಸ್ಪ್ರಿಂಟ್ ಮುಗಿದ ದಿನ ಟೀಮಿನವರೆಲ್ಲ ಒಂದು ರೂಮಿನಲ್ಲಿ ಕೂತು ಏನು ಸರಿಹೋಯ್ತು, ಏನು ಕೆಟ್ಟಿತು, ಮುಂದೇನು ಅಂತ ಮಾತಾಡಿಕೊಳ್ಳುವ ಸಭೆಗೆ ರೆಟ್ರೊಸ್ಪೆಕ್ಟಿವ್ ಅಂತ ಹೆಸರು. ಬೆಂಗಳೂರಿನ ಆಫೀಸುಗಳಲ್ಲಿ ಬರೀ ‘ರೆಟ್ರೊ’. 2001ರ ಅಜೈಲ್ ಪ್ರಣಾಳಿಕೆಯ ಜೊತೆಗಿರುವ 12 ತತ್ವಗಳಲ್ಲಿ ಕೊನೆಯದು ಇದರ ಬಗ್ಗೆಯೇ: ತಂಡ ಆಗಾಗ ತನ್ನನ್ನು ತಾನೇ ತಿರುಗಿ ನೋಡಿಕೊಂಡು ನಡೆ ತಿದ್ದಿಕೊಳ್ಳಬೇಕು. ಹೇಳೋದು ಸುಲಭ. ಹತ್ತನೇ ರೆಟ್ರೊ ಹೊತ್ತಿಗೆ ಎಲ್ಲರೂ ಅದೇ ಮೂರು ಕಾಲಮ್ಮಿಗೆ ಅದೇ ಮೂರು ಚೀಟಿ ಅಂಟಿಸಿ ಕಾಫಿಗೆ ಏಳುತ್ತಾರೆ.

ಈ ಬೇಸರಕ್ಕೆ ಮದ್ದು ಅಂತ ಬಂದದ್ದು ಆಟದ ರೆಟ್ರೊ. ಮಾರಿಯೋ, ಐಪಿಎಲ್, ಹಾವು-ಏಣಿ, ಹೀಗೆ. ನಾನು ಕೂತದ್ದೂ ಬೇಕಾದಷ್ಟು, ನಡೆಸಿದ್ದೂ ಬೇಕಾದಷ್ಟು. ಸಿನಿಮಾಕ್ಕೆ ವಿಮರ್ಶೆ ಇರುವಾಗ ಇದಕ್ಕೇಕೆ ಬೇಡ?

ಹಾವು-ಏಣಿಯನ್ನೇ ತಗೊಳ್ಳಿ. ದಾಳ ಹಾಕಬೇಕು. ಏಣಿ ಸಿಕ್ಕಿದರೆ ಟೀಮನ್ನು ಮೇಲೆತ್ತಿದ್ದು ಏನು ಅಂತ ಹೇಳಬೇಕು, ಹಾವು ಸಿಕ್ಕಿದರೆ ನುಂಗಿದ್ದು ಏನು ಅಂತ. ಮೊದಲ ಇಪ್ಪತ್ತು ನಿಮಿಷ ನಿಜಕ್ಕೂ ಚೆನ್ನಾಗಿರುತ್ತದೆ. ಯಾಕಂದ್ರೆ ದಾಳಕ್ಕೆ ಡೆಸಿಗ್ನೇಷನ್ ಗೊತ್ತಿಲ್ಲ. ಮಾಮೂಲಿ ರೆಟ್ರೊದಲ್ಲಿ ಆರ್ಕಿಟೆಕ್ಟ್ ಮೊದಲು ಮಾತಾಡುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. ಇಲ್ಲಿ ಹೊಸದಾಗಿ ಸೇರಿದ ಹುಡುಗನಿಗೂ ಸರದಿ ಬಂದೇ ಬರುತ್ತದೆ.

ತೊಂದರೆ ಶುರುವಾಗುವುದು ಹಾವಿನ ಬಾಯಲ್ಲಿ. ಏನು ನುಂಗಿತು ಅಂದ್ರೆ ‘ಕಮ್ಯುನಿಕೇಷನ್ ಗ್ಯಾಪ್’. ಮುಂದಿನವರಿಗೂ ಅದೇ. ಹಳೆಯ ಪರಮಪದ ಸೋಪಾನದ ಪಟ ನೋಡಿದವರಿಗೆ ಗೊತ್ತು: ಅಲ್ಲಿ ಏಣಿ ಪುಣ್ಯದ್ದು, ಹಾವು ಪಾಪದ್ದು. ಯಾವ ಮನೆಯಲ್ಲಿ ಯಾವ ದುರ್ಗುಣ ಕೂತಿದೆ ಅಂತ ಬರೆದಿರುತ್ತಿತ್ತು. ನಮ್ಮ ಆಫೀಸಿನ ಹಾವುಗಳಿಗೆ ಹೆಸರೇ ಇಲ್ಲ. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಹಾವು-ಏಣಿಯಲ್ಲಿ ಬಿದ್ದವರು ಮತ್ತೆ ದಾಳ ಹಾಕುತ್ತಾರೆ, ಹಾವು ಮಾತ್ರ ತನ್ನ ಮನೆಯಲ್ಲೇ ಇರುತ್ತದೆ. ರೆಟ್ರೊ ಇರುವುದೇ ಆ ಹಾವನ್ನು ಪಟದಿಂದ ತೆಗೆಯಲಿಕ್ಕೆ ಅಲ್ವಾ?

ನಾನು ಕಂಡವುಗಳಲ್ಲಿ ಉತ್ತಮ ಆಟ ದೋಣಿಯದ್ದು. ಲ್ಯೂಕ್ ಹೋಹ್ಮನ್ 2006ರ ‘ಇನ್ನೊವೇಷನ್ ಗೇಮ್ಸ್’ ಪುಸ್ತಕದಲ್ಲಿ ಇದನ್ನು ಸ್ಪೀಡ್ ಬೋಟ್ ಅಂತ ಕೊಟ್ಟದ್ದು ಟೀಮುಗಳಿಗಲ್ಲ, ಗ್ರಾಹಕರ ದೂರು ಹೊರತೆಗೆಯಲಿಕ್ಕೆ. ಒಂದು ದೋಣಿ, ಅದನ್ನು ಹಿಡಿದು ನಿಲ್ಲಿಸಿದ ಲಂಗರುಗಳು. ಗಾಳಿ, ದ್ವೀಪ, ಸೂರ್ಯ ಎಲ್ಲ ಟೀಮುಗಳು ಆಮೇಲೆ ಸೇರಿಸಿಕೊಂಡ ಅಲಂಕಾರ. ಲಂಗರಿನ ಗುಣ ಏನಪ್ಪಾ ಅಂದ್ರೆ, ಅದಕ್ಕೆ ಹಗ್ಗ ಇದೆ. ಹಗ್ಗ ಇದ್ದಮೇಲೆ ‘ಎಷ್ಟು ಉದ್ದ? ಕಟ್ಟಿದ್ದು ಯಾರು?’ ಅಂತ ಕೇಳಬಹುದು.

ಒಂದು ಕಂಪನಿಯಲ್ಲಿ ಟೆಸ್ಟಿಂಗ್ ಮಾಡುತ್ತಿದ್ದ ಹುಡುಗಿಯೊಬ್ಬಳು ದೋಣಿಯಿಂದ ಬೋರ್ಡಿನ ತುದಿಯವರೆಗೆ ಹಗ್ಗ ಎಳೆದು, ಕೆಳಗೆ ‘ಶುಕ್ರವಾರ ಸಂಜೆ ಐದು ಗಂಟೆಯ ಬಿಲ್ಡ್’ ಅಂತ ಬರೆದಳು. ರಿಲೀಸು ಅದೇ ರಾತ್ರಿ. ಬಗ್ ತಪ್ಪಿಸಿಕೊಂಡರೆ ಸೋಮವಾರ ಬೈಗುಳ ಅವಳಿಗೆ. ಮೂರು ಸ್ಪ್ರಿಂಟಿನಿಂದ ‘ಕಮ್ಯುನಿಕೇಷನ್ ಗ್ಯಾಪ್’ ಅಂತ ಬರೆಯುತ್ತಿದ್ದುದು ಇದೇ ಹಗ್ಗವನ್ನು. ಮ್ಯಾನೇಜರ್ ನಕ್ಕು, “ಆಟ ಅಲ್ವಾ, ಸೀರಿಯಸ್ಸಾಗಿ ತಗೋಬೇಡಿ” ಅಂದರು. ಅವಳು, “ಸರ್, ನಾನು ಸೀರಿಯಸ್ಸಾಗೇ ಬರೆದದ್ದು” ಅಂದಳು. ರೂಮು ತಣ್ಣಗಾಯಿತು. ಆ ಮೌನ ಹತ್ತು ಏಣಿಗಿಂತ ಬೆಲೆಯದ್ದು ಅಂತ ನನ್ನ ಲೆಕ್ಕ. ಎರಡು ಸ್ಪ್ರಿಂಟ್ ಕಳೆದು ರಿಲೀಸು ಮಂಗಳವಾರಕ್ಕೆ ಬಂತು.

ಎಸ್ತರ್ ಡರ್ಬಿ, ಡಯಾನಾ ಲಾರ್ಸನ್ ಬರೆದ ‘ಅಜೈಲ್ ರೆಟ್ರೊಸ್ಪೆಕ್ಟಿವ್ಸ್’ ಇಂಥ ಸಭೆಗೆ ಐದು ಹಂತ ಹೇಳುತ್ತದೆ. ನಾಲ್ಕನೆಯದು, ಏನು ಮಾಡುವುದೆಂದು ತೀರ್ಮಾನಿಸುವುದು. ಆಟದ ರೆಟ್ರೊಗಳಲ್ಲಿ ಬಲಿಯಾಗುವುದು ಇದೇ. ಬೋರ್ಡ್ ತಯಾರಿಸಲಿಕ್ಕೆ ಎರಡು ದಿನ, ನಿಯಮ ಹೇಳಲಿಕ್ಕೆ ಹದಿನೈದು ನಿಮಿಷ, ತೀರ್ಮಾನಕ್ಕೆ ಮಾತ್ರ ಮುಂದಿನ ಮೀಟಿಂಗಿನವರು ಗಾಜಿನ ಬಾಗಿಲು ತಟ್ಟುವಾಗ ಉಳಿದ ಮೂರು ನಿಮಿಷ.

ಅಂಕ, ಬ್ಯಾಡ್ಜ್, ಗೆದ್ದವರಿಗೆ ಚಾಕೊಲೇಟು ನನಗೆ ಸುತರಾಂ ಹಿಡಿಸದು. ಚೀಟಿಗೊಂದು ಅಂಕ ಕೊಟ್ಟರೆ ಚೀಟಿ ಹೆಚ್ಚುತ್ತವೆ, ಅಷ್ಟೇ. ನಾರ್ಮನ್ ಕರ್ತ್ 2001ರ ತಮ್ಮ ಪುಸ್ತಕದಲ್ಲಿ, ಆಗ ತಿಳಿದಷ್ಟರಲ್ಲಿ ಎಲ್ಲರೂ ಕೈಲಾದಷ್ಟು ಮಾಡಿದ್ದಾರೆ ಅಂತ ನಂಬಿ ಕೂರಿ ಅಂದಿದ್ದರು. ಹಾಗೆ ಕೂತವರಲ್ಲಿ ಒಬ್ಬರನ್ನು ಗೆಲ್ಲಿಸಿದರೆ ಉಳಿದವರು ಏನಾದರು?

ಈಗ ನಾನು ನಡೆಸುವಾಗ ದಾಳ ಇಪ್ಪತ್ತೇ ನಿಮಿಷಕ್ಕೆ ಡ್ರಾಯರು ಸೇರುತ್ತದೆ. ಐಪಿಎಲ್ ಥೀಮಿನ ಬಗ್ಗೆ ಮಾತ್ರ ಕೇಳಬೇಡಿ. ಅಲ್ಲಿ ಪ್ರತಿ ಸಲವೂ ಅಂಪೈರ್ ಆಗುವುದು ಮ್ಯಾನೇಜರೇ.