ಕಲ್ಲುರಾಶಿಯ ಮೇಲೆ ಜೇಕ್

ಹತ್ತು ತಿಂಗಳ ಕರಿ ಲ್ಯಾಬ್ರಡಾರ್. ಕಾಲು ಮುರಿದಿತ್ತು, ಸೊಂಟದ ಕೀಲು ತಪ್ಪಿತ್ತು. ಯಾರೋ ಬೀದಿಯಲ್ಲಿ ಬಿಟ್ಟುಹೋಗಿದ್ದರು. ಅಮೆರಿಕದ ಯೂಟಾ ರಾಜ್ಯದ ಮಹಿಳೆಯೊಬ್ಬರು ಅವನನ್ನು ಸಾಕಿಕೊಂಡರು. ಕುಸಿದ ಕಟ್ಟಡಗಳಡಿ ಸಿಕ್ಕಿಬಿದ್ದವರನ್ನು ಹುಡುಕಲು ಅಲ್ಲಿನ ಸರ್ಕಾರದ ಪ್ರಮಾಣಪತ್ರ ಪಡೆದ ನಾಯಿಗಳು ಆಗ ಇಡೀ ದೇಶದಲ್ಲಿ 200ಕ್ಕೂ ಕಡಿಮೆ. ಜೇಕ್ ಎಂಬ ಇವನು ಅವುಗಳಲ್ಲಿ ಒಬ್ಬನಾದ.

ಕೀಲು ತಪ್ಪಿದ್ದ ಸೊಂಟ ಎಂಥ ಕೆಲಸಕ್ಕೆ ಒದಗಿತು ಎಂದು ನೆನೆದರೆ ಮೈ ಜುಮ್ಮೆನ್ನುತ್ತದೆ. ನಾಯಿಯ ಗಮನವೆಲ್ಲ ಮುಂಗಾಲಿನ ಮೇಲೆ. ಹಿಂಗಾಲು ತನ್ನಷ್ಟಕ್ಕೆ ಹಿಂದೆ ಬರುತ್ತದೆ. ಹಾಗಾಗಿಯೇ ಶೋಧನಾಯಿಗಳ ತರಬೇತಿಯಲ್ಲಿ ಏಣಿ ಹತ್ತಿಸುತ್ತಾರೆ. ಒಂದೊಂದು ಮೆಟ್ಟಿಲಿಗೂ ಹಿಂಗಾಲನ್ನು ಎಲ್ಲಿ ಊರಬೇಕೆಂದು ನಾಯಿ ತಾನೇ ಯೋಚಿಸಬೇಕು. ಹೀಗೆ ಕಲಿತ ನಾಯಿ ಅವಶೇಷಗಳ ಮೇಲೆ ನಡೆಯುವ ಚೆಂದವೇ ಬೇರೆ. ಅಲುಗಾಡುವ ಕಾಂಕ್ರೀಟ್ ತುಂಡು ಎದುರಾದರೆ ಓಟ ನಿಲ್ಲುತ್ತದೆ, ಮೈ ತಗ್ಗುತ್ತದೆ, ಕಾಲ್ಬೆರಳುಗಳು ಅಗಲವಾಗುತ್ತವೆ. ಭಾರವನ್ನು ಹಿಂದಕ್ಕೆ ಸರಿಸಿ, ಒಂದು ಪಾದವಿಟ್ಟು ಪರೀಕ್ಷಿಸಿ, ಆಮೇಲೆ ಮುಂದಿನ ಹೆಜ್ಜೆ. ಸರಳಿಗೆ ಸಿಕ್ಕಿಕೊಂಡೀತೆಂದು ಕೊರಳಪಟ್ಟಿಯನ್ನೂ ಬಿಚ್ಚಿರುತ್ತಾರೆ. ಬರಿಮೈ, ಬರಿಗಾಲು, ಮೂಗು.

ಮೂಗಿನ ಕೆಲಸವನ್ನು ಇನ್ನೂ ನಿಧಾನವಾಗಿ ಸವಿಯಬೇಕು. ಬದುಕಿರುವ ಮನುಷ್ಯನ ಉಸಿರು, ಬೆವರು, ಚರ್ಮದಿಂದ ಎಡೆಬಿಡದೆ ಉದುರುವ ಸೂಕ್ಷ್ಮ ಕಣಗಳು ಎಲ್ಲ ಕೂಡಿ ಒಂದು ವಾಸನೆ. ಬಚ್ಚಲ ಒಲೆಯ ಹೊಗೆ ಹೆಂಚಿನ ಯಾವುದೋ ಸಂದಿಯಲ್ಲಿ ಹೊರಗೆ ಬರುವಂತೆ, ಅದೂ ಸಂದುಗೊಂದುಗಳಲ್ಲಿ ನುಸುಳಿ, ಮನುಷ್ಯ ಇರುವಲ್ಲಿಂದ ದೂರದಲ್ಲೆಲ್ಲೋ ತಲೆ ಎತ್ತುತ್ತದೆ. ನಾಯಿ ಸೆಕೆಂಡಿಗೆ ಸುಮಾರು 5 ಬಾರಿ ಮೂಸುತ್ತದೆ. ಬಿಟ್ಟ ಉಸಿರು ಮೂಗಿನ ಪಕ್ಕದ ಸೀಳುಗಳಿಂದ ಹೋಗುವುದರಿಂದ ಒಳಬರುವ ವಾಸನೆ ಕಲಕುವುದಿಲ್ಲ. ಗಾಳಿಗೆ ಅಡ್ಡಡ್ಡ ಓಡುತ್ತಿದ್ದ ನಾಯಿ ಥಟ್ಟನೆ ತಲೆ ಹೊರಳಿಸುತ್ತದೆ. ಆ ಗಳಿಗೆಯಲ್ಲಿ ಅದನ್ನು ನಡೆಸುವ ಜೊತೆಗಾರರು ಬೇರೆ ದಿಕ್ಕಿಗೆ ಕೈ ತೋರಿಸುತ್ತಿರಬಹುದು. ಒಳ್ಳೆಯ ನಾಯಿ ಆ ಕೈಯನ್ನು ಮೀರುತ್ತದೆ, ಒಳ್ಳೆಯ ಜೊತೆಗಾರರು ಕೈ ಇಳಿಸುತ್ತಾರೆ. ಇಡೀ ವಿದ್ಯೆಯಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಇದೇ.

ಇಷ್ಟೆಲ್ಲದರ ಬುಡದಲ್ಲಿರುವುದು ಕಣ್ಣಾಮುಚ್ಚಾಲೆ. ಮೊದಲು ಒಬ್ಬರು ಆಟಿಕೆ ಹಿಡಿದು ಓಡಿ, ಕಣ್ಣೆದುರೇ ಅವಿತುಕೊಳ್ಳುತ್ತಾರೆ. ಆಮೇಲೆ ಬಾಗಿಲಿರುವ ಪೀಪಾಯಿಯೊಳಗೆ. ನಾಯಿ ಬಿಡದೆ ಬೊಗಳಿದರೆ ಬಾಗಿಲು ತೆರೆಯುತ್ತದೆ, ಒಳಗಿದ್ದವರು ಆಟಿಕೆ ಕೊಟ್ಟು ಜಗ್ಗಾಡುತ್ತಾರೆ. ಕೊನೆಗೆ ಕಲ್ಲುಮಣ್ಣಿನಡಿ, ಪೂರ್ತಿ ಮರೆಯಲ್ಲಿ. ನಾಯಿಯ ಪಾಲಿಗೆ ಆಟ ಬದಲಾಗಿಯೇ ಇಲ್ಲ. ಇದನ್ನು ಚೆನ್ನಾಗಿ ಅರಿತವರು ವಿಲ್ಮಾ ಮೆಲ್ವಿಲ್. 1995ರ ಒಕ್ಲಹೋಮಾ ಸಿಟಿ ಬಾಂಬ್ ಸ್ಫೋಟದಲ್ಲಿ ಮರ್ಫಿ ಎಂಬ ತಮ್ಮ ಲ್ಯಾಬ್ರಡಾರ್ ಜೊತೆ ದುಡಿದು ಬಂದ ಈ ನಿವೃತ್ತ ಶಿಕ್ಷಕಿ, ಮರುವರ್ಷ ಕ್ಯಾಲಿಫೋರ್ನಿಯಾದಲ್ಲಿ ಶೋಧನಾಯಿಗಳ ಸಂಸ್ಥೆಯನ್ನೇ ಕಟ್ಟಿದರು. ಅದು ನಾಯಿಗಳನ್ನು ಆರಿಸುವುದು ಮುಖ್ಯವಾಗಿ ಅನಾಥ ನಾಯಿಗಳ ಆಶ್ರಯಧಾಮಗಳಿಂದ. ಒಂದು ಗಳಿಗೆಯೂ ಸುಮ್ಮನಿರದ, ಚೆಂಡು ಕಂಡರೆ ಹುಚ್ಚಾಗುವ ನಾಯಿಯನ್ನು ಮನೆಯವರು ಸಾಕಲಾರದೆ ಬಿಟ್ಟುಬಿಡುತ್ತಾರೆ. ಈ ಕೆಲಸಕ್ಕೆ ಬೇಕಾದ ಗುಣ ಆ ಹುಚ್ಚೇ. ತಿರಸ್ಕಾರಕ್ಕೆ ಕಾರಣವಾದದ್ದನ್ನೇ ತಿದ್ದದೆ, ತಣಿಸದೆ, ಅದರದೇ ಬಲದಲ್ಲಿ ನಾಯಿಯನ್ನು ಬೆಳೆಸುವುದು ಎಷ್ಟು ಸೊಗಸಾದ ಯೋಚನೆ!

2001ರ ಸೆಪ್ಟೆಂಬರ್‌ನಲ್ಲಿ ಭಯೋತ್ಪಾದಕ ದಾಳಿಗೆ ಅವಳಿ ಗೋಪುರಗಳು ಕುಸಿದಾಗ ಜೇಕ್ ನ್ಯೂಯಾರ್ಕ್‌ಗೆ ಹೋದ. ಬಂದ ಸಂಜೆ, ರಕ್ಷಣಾ ಅಂಗಿ ತೊಟ್ಟಿದ್ದ ಅವನನ್ನು ಮ್ಯಾನ್‌ಹಟನ್‌ನ ದೊಡ್ಡ ಹೋಟೆಲೊಂದು ಒಳಗೆ ಬಿಟ್ಟುಕೊಂಡು, ಮೇಜಿನಡಿ ಮಾಂಸದೂಟ ಬಡಿಸಿತು. ಅವಳಿ ಗೋಪುರಗಳ ರಾಶಿಯಲ್ಲಿ ಮಾತ್ರ ಎರಡನೆಯ ದಿನದ ನಂತರ ಒಬ್ಬರೂ ಜೀವಂತ ಸಿಗಲಿಲ್ಲ. ದಿನಗಟ್ಟಲೆ ಹುಡುಕಿದರೂ ಬೊಗಳುವ ಅವಕಾಶವೇ ಬಾರದೆ ನಾಯಿಗಳು ಕುಗ್ಗಿದವು. ಆಗ ಅಲ್ಲಿದ್ದ ಸಿಬ್ಬಂದಿ ತಾವೇ ಅವಶೇಷಗಳಲ್ಲಿ ಅವಿತು ಕುಳಿತು, ನಾಯಿಗಳಿಗೆ ಸಿಕ್ಕಿಹಾಕಿಕೊಂಡರು. ಅಷ್ಟು ಸಾವಿನ ನಡುವೆ, ಧೂಳು ಮೆತ್ತಿದ ಮೈಯಲ್ಲಿ, ಒಂದು ನಾಯಿಯ ಖುಷಿಗಾಗಿ ಬಚ್ಚಿಟ್ಟುಕೊಂಡ ಆ ಮನುಷ್ಯರನ್ನು ನೆನೆದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ.

2005ರಲ್ಲಿ ಕತ್ರಿನಾ ಚಂಡಮಾರುತ ಬಂದಾಗ ಜೇಕ್ ಯೂಟಾದಿಂದ ಮಿಸಿಸಿಪ್ಪಿಯವರೆಗೆ ರಸ್ತೆಯಲ್ಲೇ ಪಯಣಿಸಿದ. ವಯಸ್ಸಾದ ಮೇಲೆ ವೃದ್ಧಾಶ್ರಮಗಳಿಗೆ, ಸುಟ್ಟಗಾಯಗಳಿಂದ ಚೇತರಿಸಿಕೊಳ್ಳುವವರ ಶಿಬಿರಕ್ಕೆ ಹೋಗಿ ಅವರ ಪಕ್ಕದಲ್ಲಿರುತ್ತಿದ್ದ. 2007ರಲ್ಲಿ, 12ನೇ ವಯಸ್ಸಿನಲ್ಲಿ, ಕ್ಯಾನ್ಸರ್‌ನಿಂದ ತೀರಿಕೊಂಡ. ಅಷ್ಟರಲ್ಲಿ ಎಷ್ಟೋ ಎಳೆಯ ನಾಯಿಗಳಿಗೂ ಅವುಗಳ ಜೊತೆಗಾರರಿಗೂ ಪಾಠ ಹೇಳಿದ್ದ. ಹಿಮದಲ್ಲಿ ವಾಸನೆ ಹಿಡಿಯುವುದು ಹೇಗೆಂದು ತೋರಿಸಿದ್ದ. ವಾಸನೆ ಮರದ ಮೇಲಿನಿಂದ ಬರುತ್ತಿದ್ದರೆ ನೆಲ ಬಿಟ್ಟು ಮೇಲೆ ನೋಡಬೇಕೆಂಬುದನ್ನೂ ತೋರಿಸಿದ್ದ.